ಅಮೆರಿಕದ ಮೂಲನಿವಾಸಿಗಳಾದ ಚೆರೋಕೀಗಳು ಬ್ರಿಟಿಷರ ಜೊತೆ ಮಾಡಿದ ಯುದ್ಧದ ಕಾದಂಬರಿಯನ್ನು ಬ್ರಿಟಿಷರ ಕಡೆಯಿಂದ ಹೇಳಬೇಕಾ, ಚೆರೋಕೀಗಳ ಕಡೆಯಿಂದಲಾ?

ಅಪ್ಪ ಸ್ಕಾಟ್ಲೆಂಡಿನ ತೊಗಲು ವ್ಯಾಪಾರಿ, ಅಮ್ಮ ಚೆರೋಕೀ, ಮಗ ಎರಡೂ ಕಡೆಗೆ ಸಲ್ಲದವನು. ನೀವು ಬರೆಯಹೊರಟ ಕಾದಂಬರಿಯ ಈ ನಾಯಕನ ಬಗ್ಗೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಇದೇ ಹುಡುಗನನ್ನು ಇಟ್ಟುಕೊಂಡು ನಾನೂ 240 ಪುಟ ಬರೆದಿದ್ದೆ.

ನನ್ನ ಕಥೆಯಲ್ಲಿ 1760ರಲ್ಲಿ ಅವನ ಅಪ್ಪನ ಕೊಲೆಯಾಗುತ್ತದೆ. ಮಗ ಸೇಡಿಗೆ ಹೊರಡುತ್ತಾನೆ. ದಾರಿಯುದ್ದಕ್ಕೂ 'ನಾನು ಯಾರವನು' ಅಂತ ಕೊರಗು. ಅಮೆರಿಕದಲ್ಲಿ ಇತಿಹಾಸ ಓದುತ್ತಿದ್ದ ಗೆಳತಿಗೆ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: "ಈ ಹುಡುಗನ ಸೋದರಮಾವ ಎಲ್ಲಿ?"

ನೆತ್ತಿಗೆ ತಣ್ಣೀರು ಸುರಿದ ಹಾಗಾಯಿತು. ಆ ಕಾಲದ ಚೆರೋಕೀಗಳಲ್ಲಿ ಕುಲ ಬರುವುದು ತಾಯಿಯಿಂದ. ತಾಯಿ ತೋಳದ ಕುಲವಾದರೆ ಮಗನೂ ತೋಳದ ಕುಲ, ಪೂರ್ತಿ ಚೆರೋಕೀ. ಅಪ್ಪ ಯಾರಾದರೂ ಆಗಿರಲಿ. ಮನೆ ತಾಯಿಯದು. ಹುಡುಗನನ್ನು ತಿದ್ದುವವನು ಅಮ್ಮನ ಅಣ್ಣನೋ ತಮ್ಮನೋ. ಅಪ್ಪನ ಸಾವಿನ ಸೇಡು ಮಗನ ಪಾಲಿಗೆ ಬರುವುದೇ ಇಲ್ಲ, ಏಕೆಂದರೆ ಅಪ್ಪ ಅವನ ಕುಲದವನಲ್ಲ. ನಾನು 240 ಪುಟ ಕೊರಗಿಸಿದ ಹುಡುಗನಿಗೆ ತನ್ನೂರಲ್ಲಿ ಆ ಕೊರಗೇ ಇರುತ್ತಿರಲಿಲ್ಲ!

ನಾಚಿಕೆಯ ವಿಷಯ ಏನೆಂದರೆ, ನಾನು ಉಡುಪಿ ಕಡೆಯ ಅಳಿಯಸಂತಾನದ ಮನೆಯವನು. ನಮ್ಮಲ್ಲಿ 'ಬರಿ', ಅಂದರೆ ಕುಲ, ಯಾವುದೆಂದು ಕೇಳದೆ ಮದುವೆ ಮಾತು ಶುರುವಾಗುವುದಿಲ್ಲ, ಆ ಬರಿ ಬರುವುದೂ ಅಮ್ಮನಿಂದಲೇ. ಅಜ್ಜಿ ಮನೆಯಲ್ಲಿ ಮಾವ ಕೆಮ್ಮಿದರೆ ಸಾಕು, ಮಕ್ಕಳೆಲ್ಲ ಗಪ್‌ಚುಪ್. ಇಷ್ಟಿದ್ದೂ ಬರೆಯಲು ಕೂತಾಗ ಯಾವುದೋ ಸಿನಿಮಾದ ಹುಡುಗನೇ ತಲೆಗೆ ಬಂದ.

ತಪ್ಪು ಒಂದು ಪಾತ್ರಕ್ಕೆ ನಿಲ್ಲಲಿಲ್ಲ. ನನಗೆ ಯುದ್ಧವೇ ಅರ್ಥವಾಗಿರಲಿಲ್ಲ. 1758ರಲ್ಲಿ ಬ್ರಿಟಿಷರ ಪರವಾಗಿ ಫ್ರೆಂಚರ ವಿರುದ್ಧ ಹೋಗಿ ವಾಪಸಾಗುತ್ತಿದ್ದ ಚೆರೋಕೀಗಳನ್ನು ವರ್ಜೀನಿಯಾದ ಬಿಳಿಯರು ಕುದುರೆ ಜಗಳದಲ್ಲಿ ಕೊಂದರು. ಸತ್ತವರ ಕುಲದವರು ಜೀವಕ್ಕೆ ಜೀವ ತೆಗೆದರು. ಅವರ ಪ್ರಕಾರ ಲೆಕ್ಕ ಚುಕ್ತಾ. ಸೌತ್ ಕ್ಯಾರೊಲಿನಾದ ಗವರ್ನರ್ ಲಿಟಲ್ಟನ್ ಮಾತ್ರ ಕೊಂದವರನ್ನು ಒಪ್ಪಿಸಿ ಅಂತ ಪಟ್ಟು ಹಿಡಿದ. ಆದರೆ ಯಾವ ಮುಖಂಡನೂ ಇನ್ನೊಂದು ಕುಲದವನನ್ನು ಹಾಗೆ ಹಿಡಿದು ಕೊಡುವಂತಿರಲಿಲ್ಲ. 1759ರಲ್ಲಿ ಸಂಧಿ ಮಾತಿಗೆ ಬಂದವರನ್ನೇ ಲಿಟಲ್ಟನ್ ಫೋರ್ಟ್ ಪ್ರಿನ್ಸ್ ಜಾರ್ಜ್ ಕೋಟೆಯಲ್ಲಿ ಒತ್ತೆ ಇಟ್ಟ. ಮುಂದಿನ ಫೆಬ್ರವರಿಯಲ್ಲಿ ಕೋಟೆಯ ಅಧಿಕಾರಿಗೆ ಚೆರೋಕೀಗಳ ಗುಂಡು ಬಿತ್ತು. ಸೈನಿಕರು 20ಕ್ಕೂ ಹೆಚ್ಚು ಒತ್ತೆಯಾಳುಗಳನ್ನು ಅಲ್ಲೇ ಕೊಂದರು. ಅವರಲ್ಲಿ ಒಬ್ಬೊಬ್ಬನೂ ಯಾರಿಗೋ ಸೋದರಮಾವ, ಅಲ್ವಾ?

ಹಾಗಾಗಿ ಯಾರ ಕಡೆಯಿಂದ ಹೇಳಲಿ ಅನ್ನುವ ಪ್ರಶ್ನೆ ಸದ್ಯಕ್ಕೆ ಪಕ್ಕಕ್ಕಿಡಿ. ಎಲ್ಲೂ ಸಲ್ಲದ ಆ ನಾಯಕನನ್ನು ಮೊದಲು ಬಿಡಿ. ಅವನ ತಾಯಿಯ ಕುಲ ಯಾವುದು ಅಂತ ಬರೆದುಕೊಂಡಿದ್ದೀರಾ? ಏಳು ಕುಲಗಳಿವೆ.

ನಾನು 180 ಪುಟ ಕಿತ್ತು ಹಾಕಿದೆ. ಈಗ ಕಥೆ ಅಮ್ಮನ ಮನೆಯಲ್ಲಿ ಶುರುವಾಗಿ, ಮಾವ ಸಂಧಿಗೆ ಹೊರಡುತ್ತಾನೆ. ಮುಗಿಯುವುದು 1761ರಲ್ಲಿ. ಆ ವರ್ಷ ಬ್ರಿಟಿಷ್ ಸೇನಾಧಿಕಾರಿ ಗ್ರಾಂಟ್‌ನ ಸೇನೆ 15 ಊರುಗಳನ್ನೂ ಸುಮಾರು 1,400 ಎಕರೆ ಮುಸುಕಿನ ಜೋಳವನ್ನೂ ಹಾಳುಮಾಡಿತು. ಆ ಹೊಲಗಳೆಲ್ಲ ಹೆಂಗಸರು ಬಿತ್ತಿದ್ದು. ಅಪ್ಪ ಸುಮ್ನೆ ಅಂಗಡಿಯಲ್ಲಿ ಜಿಂಕೆ ತೊಗಲು ತೂಗುತ್ತಾ ಕೂತಿದ್ದಾನೆ. ಅವನನ್ನು ಸಾಯಿಸುವ ಅಗತ್ಯವೇ ಬರಲಿಲ್ಲ.