ಮೊದಲು ಹುಲಿಗಿಗೆ ಹೋಗು

ಗಂಗಾವತಿಯ ತಮ್ಮಾ,

ನೀನು ಅಕ್ಕಾ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ಸಲುಗೆಯಿಂದ ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರ ಓದಿದ ಮೇಲೆ ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ಉಳಿದ ಓದುಗರಿಗೆ ವಿಷಯ ಇಷ್ಟು. ಇವನಿಗೆ 27 ವರ್ಷ. ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಗೇ ಅನ್ನುವುದು ಮೂವರು ಗೆಳೆಯರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಮದುವೆ ಇದೆ ಅಂತ ಮನೆಯಲ್ಲಿ ಹೇಳಿ, ಭತ್ತ ಮಿಲ್ಲಿಗೆ ಬರುವ ಹೊತ್ತಲ್ಲೇ ರಜೆ ಬೇಡಿ, ನವೆಂಬರಿನಲ್ಲಿ ಆ ಗೆಳೆಯರ ಜೊತೆ ಬೆಂಗಳೂರಿನಲ್ಲಿ ಇವನಂಥವರು ತಲೆ ಎತ್ತಿ ನಡೆಯುವ ಪ್ರೈಡ್ ಮೆರವಣಿಗೆಗೆ ಹೋದ. ಎರಡೂ ದಿನ ಬಿಡದ ಮಳೆ. ಮೆಜೆಸ್ಟಿಕ್ ಹತ್ತಿರದ ಲಾಡ್ಜಿನಲ್ಲಿ ನಾಲ್ವರಿಗೆ ಒಂದೇ ರೂಮು. ಒಣಗದ ಬಟ್ಟೆ, ಇಸ್ಪೀಟು, ಚಹಾ, ಬಜಿ. ಮೆರವಣಿಗೆಯಲ್ಲಿ ಅಂದುಕೊಂಡಷ್ಟು ಜನ ಇರಲಿಲ್ಲ. ಇದ್ದವರು ತಮ್ಮ ತಮ್ಮ ಗುಂಪಿನಲ್ಲೇ ಇದ್ದರು. ಕಿವಿಗೆ ಬಿದ್ದ ಮಾತೆಲ್ಲ ಇಂಗ್ಲಿಷು. ಘೋಷಣೆ ಕೂಗೋಣ ಅಂತ ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಅರ್ಧಕ್ಕೇ ರೂಮಿಗೆ ವಾಪಸ್ ಬಂದ. "ನಿನಗೋಸ್ಕರ ಬಂದ್ರೆ ನೀನೇ ಮುಖ ಊದಿಸಿಕೊಂಡು ಕೂತೆ" ಅಂತ ಗೆಳೆಯರು ಬೈದರು. ಅವನ ಪ್ರಶ್ನೆ ಎರಡು. ಮುಂದಿನ ವರ್ಷ ಮತ್ತೆ ಹೋಗಬೇಕಾ? ಅಲ್ಲೂ ನನ್ನವರು ಅಂತ ಯಾರೂ ಅನಿಸಲಿಲ್ಲ ಅಂದರೆ ನಾನು ಎಲ್ಲಿಯವನು?

ತಮ್ಮಾ, ಬೇಜಾರಾಗಿದ್ದು ಸಹಜ. ಇದಕ್ಕಾಗಿ ಎಷ್ಟು ತಿಂಗಳಿಂದ ಕಾದಿದ್ದೆಯೋ ಏನೋ. ಖುಷಿ ಆಗಲೇಬೇಕು ಅಂತ ನಿನ್ನ ಮೇಲೆ ಯಾರೂ ಒತ್ತಾಯ ಹೇರುವ ಹಾಗಿಲ್ಲ. ಕೊಪ್ಪಳ, ರಾಯಚೂರು ಕಡೆಯಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದ ಹುಡುಗನಿಗೆ ಯಾರಾದರೂ ಒಬ್ಬರು ಕನ್ನಡದಲ್ಲಿ "ಯಾವೂರಪ್ಪಾ?" ಅಂತ ಕೇಳಬೇಕಿತ್ತು. ಈ ಮಾತು ಮೆರವಣಿಗೆ ನಡೆಸುವವರ ಕಿವಿಗೆ ಬೀಳಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಜನ ಕಡಿಮೆ ಇದ್ದರು ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ. 1999ರಲ್ಲಿ ಕೋಲ್ಕತ್ತದಲ್ಲಿ ಇಂಥ ನಡಿಗೆ ಮೊದಲ ಸಲ ನಡೆದಾಗ ಇದ್ದದ್ದು 15 ಜನ. ಬೆಂಗಳೂರಿನಲ್ಲಿ ಶುರುವಾದದ್ದು 2008ರ ಜೂನಿನಲ್ಲಿ. ಆಗ ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಸೆಕ್ಷನ್ ಹಾಗೇ ಇತ್ತು. ಬ್ರಿಟಿಷರು 1860ರಲ್ಲಿ ಬರೆದಿಟ್ಟ ಆ ಕಾನೂನಿನಲ್ಲಿ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದರಿಂದ ಬಿಡುಗಡೆ ಕೊಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ಕಿತ್ತುಕೊಂಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್, ವಯಸ್ಕರಿಬ್ಬರು ಒಪ್ಪಿ ಕೂಡುವುದು ಅಪರಾಧ ಅಲ್ಲ ಅಂದಿತು. ಅಷ್ಟು ವರ್ಷ ನಡೆದವರಲ್ಲಿ ಮುಖವಾಡ ಹಾಕಿಕೊಂಡು ನಡೆದವರೂ ಇದ್ದರು. ಮನೆಯವರ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು ಅನ್ನುವ ಭಯ ಅವರಿಗೂ ಇತ್ತು. ನವೆಂಬರ್ ಅಂದರೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿಯುವ ತಿಂಗಳು, ಮಳೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆ ಮಳೆಯಲ್ಲೂ ಕೊನೆಯತನಕ ನಡೆದವರ ಮೇಲೆ ನನಗೆ ತುಂಬಾ ಗೌರವ ಇದೆ.

ಇನ್ನು ನಿಜವಾದ ವಿಷಯ. ಮಳೆಯ ಬಗ್ಗೆ ಮೂರು ಪುಟ ಬರೆದವನು ಕೊನೆಯ ಪುಟದ ಮೂಲೆಯಲ್ಲಿ ಎರಡು ಸಾಲು ಬರೆದು ಮುಂದೆ ಹೋಗಿದ್ದೀಯ. ನಾನು ಅಲ್ಲೇ ನಿಂತೆ. ನಿನ್ನ ಗೆಳೆಯನೊಬ್ಬ ಮೆರವಣಿಗೆಯ ಕಾಮನಬಿಲ್ಲಿನ ಬಾವುಟದ ಜೊತೆ ನಿನ್ನ ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ. ನೀನು ನೋಡಿ ಗಾಬರಿಯಾದ ಮೇಲೆ ಅಳಿಸಿದ. "ಅಷ್ಟರಲ್ಲಿ ಯಾರೂ ನೋಡಿರಲಿಕ್ಕಿಲ್ಲ" ಅಂತ ಬರೆದಿದ್ದೀಯ. ಮುಂದಿನ ಸಾಲಿನಲ್ಲೇ, ಅವತ್ತು ರಾತ್ರಿ ಹುಲಿಗಿಯ ಸೋದರತ್ತೆ ಫೋನ್ ಮಾಡಿ "ಬೆಂಗ್ಳೂರಾಗ ಮಳಿ ಜೋರೈತಂತಲ್ಲ, ತೊಯ್ಸಿಕೊಂಡಿಯೇನೋ? ತಲಿ ಒರಸ್ಕೊ" ಅಂದಳು ಅಂತಲೂ ಬರೆದಿದ್ದೀಯ.

ಮನೆಯಲ್ಲಿ ನೀನು ಹೇಳಿದ್ದು ಹುಬ್ಬಳ್ಳಿ ಅಂತ. ಅತ್ತೆ ಕೇಳಿದ್ದು ಬೆಂಗಳೂರು.

ಅವಳು ನೋಡಿದ್ದಾಳೆ ತಮ್ಮಾ. ಆ ಗೆಳೆಯ ನಿಮ್ಮೂರವನೇ, ಚಿಕ್ಕಂದಿನಿಂದ ನಿನ್ನ ಜೊತೆ ಅತ್ತೆಯ ಮನೆಗೆ ಹೋಗಿ ಊಟ ಮಾಡಿದವನು ಅಂತ ನೀನೇ ಬರೆದಿದ್ದೀಯ. ಅವನ ನಂಬರ್ ಅವಳ ಫೋನಿನಲ್ಲಿ ಇರಲ್ವಾ?

ಆ ಗೆಳೆಯನ ಬಗ್ಗೆ ನನಗೆ ಸಿಟ್ಟಿದೆ. "ಖುಷಿಯಲ್ಲಿ ಹಾಕಿಬಿಟ್ಟ, ಕೆಟ್ಟವನಲ್ಲ" ಅಂತ ನೀನು ಅವನನ್ನು ಸುಲಭವಾಗಿ ಬಿಟ್ಟುಬಿಟ್ಟಿದ್ದೀಯ. ನಾನು ಬಿಡುವುದಿಲ್ಲ. ನಿನ್ನ ವಿಷಯ ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನುವುದು ನಿನ್ನ ಕೈಯಲ್ಲಿರಬೇಕು. ಜಗತ್ತಿನಲ್ಲಿ ಬೇರೆ ಯಾರಿಗೂ ಆ ಅಧಿಕಾರ ಇಲ್ಲ. ಸ್ಟೇಟಸ್ ಯಾರ್ಯಾರು ನೋಡಿದರು ಅನ್ನುವ ಪಟ್ಟಿ ಅವನ ಫೋನಿನಲ್ಲೇ ಇತ್ತು. ಅಳಿಸುವ ಮುಂಚೆ ಆ ಹೆಸರುಗಳನ್ನಾದರೂ ಓದಿ ನಿನಗೆ ಹೇಳಬೇಕಿತ್ತು. ಅದನ್ನು ಬಿಟ್ಟು, ವೀಕೆಂಡ್ ಹಾಳು ಮಾಡಿದೆ ಅಂತ ನಿನಗೇ ಬೈದಿದ್ದಾನೆ! ಅವನು ನಿನ್ನ ಮುಂದೆ ಕೂತು ತಪ್ಪಾಯಿತು ಅನ್ನುವ ತನಕ ಅವನ ಜೊತೆ ಯಾವ ಊರಿಗೂ ಹೋಗಬೇಡ. ಉಳಿದ ಇಬ್ಬರು ಒಳ್ಳೆಯವರ ಹಾಗೆ ಕಾಣುತ್ತಾರೆ, ಒಬ್ಬನಂತೂ ಒದ್ದೆಯಾಗಿದ್ದ ನಿನ್ನ ಶೂಗಳಿಗೆ ರಾತ್ರಿ ಪೇಪರ್ ತುರುಕಿಟ್ಟಿದ್ದ ಅಂತ ಬರೆದಿದ್ದೀಯ. ಅವರನ್ನು ಕಳೆದುಕೊಳ್ಳಬೇಡ.

ಈಗ ಅತ್ತೆ. ಫೋಟೊ ನೋಡಿಯೂ ಅವಳು ನಿನ್ನ ಅಪ್ಪನಿಗೆ ಫೋನ್ ಮಾಡಲಿಲ್ಲ. ನಿನ್ನ ಸುಳ್ಳನ್ನು ಹಿಡಿದು ಜಗ್ಗಲಿಲ್ಲ. ಊರಿನ ಹೆಸರು ಬೇಕಂತಲೇ ಹೇಳಿ, ತಲೆ ಒರೆಸಿಕೋ ಅಂದು ಫೋನ್ ಇಟ್ಟಳು. ನನಗೆ ಗೊತ್ತು ಕಣೋ ಅಂತ ಹೇಳಲು ಅವಳಿಗೆ ಬೇರೆ ಯಾವ ದಾರಿ ಇತ್ತು ಹೇಳು? ನೂರಾರು ಜನರ ಮಧ್ಯೆ ನೀನು ಹುಡುಕಿದ ಆ ಒಬ್ಬ ಮನುಷ್ಯ ಆ ರಾತ್ರಿ ನಿನಗೆ ಫೋನ್ ಮಾಡಿದ್ದಳು.

ಅವಳು ಹುಲಿಗಿಯವಳು ಅನ್ನುವುದೂ ಸಣ್ಣ ವಿಷಯವಲ್ಲ. ಹುಲಿಗೆಮ್ಮನ ಗುಡಿಗೆ ದೇವಿಯ ಸೇವೆಗೆ ಮುಡಿಪಾದ ಜೋಗತಿಯರು, ಗಂಡಾಗಿ ಹುಟ್ಟಿಯೂ ಸೀರೆ ಉಡುವ ಜೋಗಪ್ಪಂದಿರು ಬರುವುದನ್ನು ನೋಡುತ್ತಲೇ ಬದುಕಿದವಳು ಅವಳು. ಬಳ್ಳಾರಿ ಹತ್ತಿರದ ಕಲ್ಲುಕಂಬದಲ್ಲಿ ಗಂಡಾಗಿ ಹುಟ್ಟಿದ ಮಂಜಮ್ಮ ಜೋಗತಿ ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ಸೇರಿದ್ದು ಅದೇ ಗುಡಿಯಲ್ಲಿ. ಮುಂದೆ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾಗಂತ ನಮ್ಮ ಸೀಮೆಯಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಮನೆ ಬಿಟ್ಟು ಬೇಡಿ ತಿಂದ ದಿನಗಳನ್ನು ಮಂಜಮ್ಮನವರೇ ಹೇಳಿಕೊಂಡಿದ್ದಾರೆ. ಗುಡಿಯ ಮುಂದೆ ಕೈಮುಗಿಯುವ ಜನ ಮನೆಯೊಳಗೆ ಜಾಗ ಕೊಡದೇ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ನೀನು ಜೋಗತಿಯೂ ಅಲ್ಲ, ನಿನ್ನ ಬದುಕು ಬೇರೆ. ಆದರೂ ಗಂಡು ಅಂದರೆ ಒಂದೇ ಥರ ಇರಬೇಕು ಅನ್ನುವ ಹಟ ಆ ಊರಿನ ಹೆಂಗಸಿಗೆ ಸ್ವಲ್ಪ ಕಡಿಮೆ ಇರುತ್ತದೆ ಅನ್ನುವುದು ನನ್ನ ನಂಬಿಕೆ.

ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುವ ಮಾತು ಇದು: ಮೊದಲು ಒಬ್ಬರಿಗೆ ಹೇಳಿ. ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ ಹೇಳುವುದು ಬೇಡ, ಅಪ್ಪನಿಂದ ಶುರು ಮಾಡುವುದಂತೂ ಬೇಡವೇ ಬೇಡ. ಒಬ್ಬರು ನಿನ್ನ ಪಕ್ಕ ನಿಂತರೆ ಎರಡನೆಯವರಿಗೆ ಹೇಳುವ ದನಿ ತಾನಾಗಿ ಬರುತ್ತದೆ.

ಒಂದು ವಿಷಯ ನೀನು ಬರೆದಿಲ್ಲ. ಅತ್ತೆಗೆ ಮಗಳಿದ್ದಾಳಾ? ನಮ್ಮ ಕಡೆ ಸೋದರತ್ತೆಯ ಮಗಳು ಅಂದರೆ ಅರ್ಧ ಮಾತುಕತೆ ತೊಟ್ಟಿಲಲ್ಲೇ ಮುಗಿದಿರುತ್ತದೆ. ಮಗಳಿದ್ದರೆ ನಿನ್ನ ಮೌನ ಆ ಹುಡುಗಿಯ ವರ್ಷಗಳನ್ನೂ ತಿನ್ನುತ್ತದೆ. ಹಾಗಿದ್ದರೆ ಇನ್ನೂ ಬೇಗ ಹೇಳಬೇಕು.

ಹಾಗಾಗಿ ನಾನು ಹೇಳುವುದು ಒಂದೇ. ಹುಲಿಗಿಗೆ ಹೋಗು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬೇಡ. ದರ್ಶನಕ್ಕೆ ಬಂದ ನೆಂಟರಿಂದ ಅವಳ ಮನೆ ತುಂಬಿರುತ್ತದೆ. ಬುಧವಾರವೋ ಗುರುವಾರವೋ ಮಿಲ್ಲಿಗೆ ಅರ್ಧ ದಿನ ರಜೆ ಹಾಕು, ಒಬ್ಬನೇ ಬಸ್ ಹತ್ತು. ಅಡುಗೆಮನೆಯಲ್ಲಿ ಅವಳು ಒಬ್ಬಳೇ ಇರುವಾಗ, ಅಪ್ಪನಿಗೆ ನಾನೇ ಹೇಳುವ ತನಕ ನೀನು ಹೇಳಬಾರದು ಅಂತ ಮೊದಲು ಮಾತು ತೆಗೆದುಕೋ. ಆಮೇಲೆ, ಅತ್ತೀ, ಆ ಫೋಟೊ ನೀನು ನೋಡಿದ್ದೀಯ ಅಂತ ನನಗೆ ಗೊತ್ತು, ನನಗೆ ಹುಡುಗೀರ ಮೇಲೆ ಮನಸ್ಸಿಲ್ಲ ಅಂತ ಹೇಳು. ಅಷ್ಟು ಸಾಕು. ಅವಳು ಅತ್ತರೆ ಅಳಲಿ. ಡಾಕ್ಟರಿಗೆ ತೋರಿಸೋಣ ಅಂದರೆ ಇದು ಕಾಯಿಲೆ ಅಲ್ಲ ಅತ್ತೀ ಅನ್ನು, ಜಗಳಕ್ಕೆ ಹೋಗಬೇಡ. ಹೇಳಿ ಬಂದ ಮೇಲೆ ರಾತ್ರಿ ಮನಸ್ಸು ತೀರಾ ಭಾರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ನವೆಂಬರಿಗೆ ಬೆಂಗಳೂರಿಗೆ ಹೋಗಬೇಕೋ ಬೇಡವೋ ಅನ್ನುವುದನ್ನು ಅಕ್ಟೋಬರಿನಲ್ಲಿ ಯೋಚಿಸೋಣ. ಅತ್ತೆ ಏನಂದಳು ಅಂತ ನನಗೆ ಬರೆ.