ಒಂದೇ ಹಾಡು, ಮೂರು ಮಿಕ್ಸ್: ಶೈಲಿ ಆಮೇಲೆ, ಮೊದಲು ಸದ್ದು ಸಮ ಮಾಡಿ

ಒಂದೇ ರೆಕಾರ್ಡಿಂಗನ್ನು ಮೂರು ಥರ ಮಿಕ್ಸ್ ಮಾಡಿದ್ದೀರಿ, ಕೇಳಿದವರೆಲ್ಲ ಒಂದನ್ನೇ ಮೆಚ್ಚುತ್ತಿದ್ದಾರೆ, ಅದನ್ನೇ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ. ನಾನೂ ಇಲ್ಲೇ ಎಡವಿದ್ದು.

ನಮ್ಮದು ಭಾವಗೀತೆ. ವಿಜಯನಗರದ ಒಂದು ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು. ಹಾರ್ಮೋನಿಯಂ, ತಬಲಾ, ಕೊಳಲು, ಹಿಂದೆ ಕೀಬೋರ್ಡಿನ ಪ್ಯಾಡ್, ಅಂದರೆ ಉದ್ದಕ್ಕೆ ಎಳೆದು ಹಿಡಿದ ಮೆತ್ತನೆಯ ಸ್ವರ. ಮೊದಲನೇ ಮಿಕ್ಸನ್ನು ಕ್ಯಾಸೆಟ್ ಕಾಲದ ಸುಗಮ ಸಂಗೀತದ ಥರ ಮಾಡಿದೆ: ದನಿ ಎಲ್ಲಕ್ಕಿಂತ ಮುಂದೆ, ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಗುಂಗು) ಕಮ್ಮಿ. ಎರಡನೆಯದು ಸಿನಿಮಾ ಹಾಡಿನ ಥರ: ಪ್ಯಾಡನ್ನು ಎಡಕ್ಕೂ ಬಲಕ್ಕೂ ಹರಡಿ, ಕೊಳಲಿಗೆ ಉದ್ದನೆಯ ರಿವರ್ಬ್. ಮೂರನೆಯದು ಈಗಿನ ಪಾಪ್ ಥರ: ತಬಲಾಗೂ ದನಿಗೂ ಗಟ್ಟಿಯಾಗಿ ಕಂಪ್ರೆಸರ್ (ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಇರುವ ಅಂತರ ಕಮ್ಮಿ ಮಾಡುವಂಥದ್ದು), ಕೊನೆಗೆ ಮಾಸ್ಟರ್ ಮೇಲೆ, ಅಂದರೆ ಎಲ್ಲ ಸೇರಿದ ಇಡೀ ಹಾಡಿನ ಮೇಲೆ, ಲಿಮಿಟರ್.

ಯಾರಿಗೆ ಕೇಳಿಸಿದರೂ ಮೂರನೆಯದೇ ಗೆಲ್ಲುತ್ತಿತ್ತು. ಹಾಡಿದವರಿಗೂ ಅದೇ ಇಷ್ಟವಾಯಿತು. ಅಪ್‌ಲೋಡ್ ಮಾಡಿಬಿಟ್ಟೆವು.

ಅದು ಗೆದ್ದಿದ್ದಕ್ಕೆ ಶೈಲಿ ಕಾರಣವೇ ಅಲ್ಲ. ಅದು ಸುಮ್ನೆ ಜೋರಾಗಿತ್ತು, ಅಷ್ಟೇ. ಇದನ್ನು ಬಿಡಿಸಿ ಹೇಳ್ತೇನೆ, ಯಾಕಂದ್ರೆ ಎಲ್ಲರೂ ತಲೆಯಾಡಿಸಿ ಮತ್ತೆ ಇದನ್ನೇ ಮಾಡ್ತಾರೆ. ಲಿಮಿಟರ್ ಸದ್ದಿನ ತುದಿಗಳನ್ನು ಒತ್ತಿ ಹಿಡಿಯುತ್ತದೆ, ಆಗ ಉಳಿದದ್ದನ್ನೆಲ್ಲ ಮೇಲೆತ್ತಲು ಜಾಗ ಸಿಗುತ್ತದೆ. ಒಂದೇ ಹಾಡು ಒಂದು ಡೆಸಿಬೆಲ್ ಜಾಸ್ತಿಯಿದ್ದರೆ ಕಿವಿಗೆ ‘ಇದು ಜೋರು’ ಅಂತ ಅನ್ನಿಸುವುದಿಲ್ಲ, ‘ಇದು ಚೆನ್ನಾಗಿದೆ’ ಅಂತ ಅನ್ನಿಸುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು: ಸದ್ದು ಕಮ್ಮಿಯಿದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸುವುದಿಲ್ಲ, ಸದ್ದು ಏರಿದಂತೆ ಬೇಸ್ ತುಂಬಿಕೊಂಡು ಬರುತ್ತದೆ. ಅಂದರೆ ಜೋರಿನ ಮಿಕ್ಸ್‌ಗೆ ಏನೂ ಮಾಡದೆಯೇ ಬೇಸ್ ಬೋನಸ್ ಸಿಗುತ್ತದೆ. ನನ್ನ ಮೊದಲನೇ ಮಿಕ್ಸ್ ಪಾಪ, ಸ್ಪರ್ಧೆಗೆ ಇಳಿಯುವ ಮೊದಲೇ ಸೋತಿತ್ತು.

ಮುಂದೆ ಆಗಿದ್ದು ಕೇಳಿ. ಸ್ಟ್ರೀಮಿಂಗ್‌ನಲ್ಲಿ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರ್ತಾರೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಮಟ್ಟ ಮೈನಸ್ 14 ಲಫ್ಸ್ (LUFS, ಕಿವಿಗೆ ಹಾಡು ಎಷ್ಟು ಜೋರು ಅನ್ನಿಸುತ್ತದೆ ಅನ್ನೋದರ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು). ನಮ್ಮ ಫೈಲ್ ಮೈನಸ್ 8ರ ಹತ್ತಿರ ಇತ್ತು, ಸುಮಾರು ಆರು ಡೆಸಿಬೆಲ್ ಕೆಳಗಿಳಿಯಿತು. ಜೋರು ಹೋದ ಮೇಲೆ ಹಾಡಿನ ಬಣ್ಣ ಬಯಲಾಯಿತು. ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ‘ಬಾಯಾ’ ಮೇಲೆ ಅಂಗೈ ಒತ್ತಿ ಎಳೆದಾಗ ಬರುವ ಆ ‘ಘೇ’ ಚಪ್ಪಟೆಯಾಗಿತ್ತು. ಪಲ್ಲವಿ ಮುಗಿದ ಮೇಲೆ ಹಾಡಿದವರು ಉಸಿರು ಎಳೆದುಕೊಳ್ಳುವ ಸದ್ದು, ಹಾಡಿದ ಸಾಲಿನಷ್ಟೇ ದೊಡ್ಡದಾಗಿ ಕೇಳುತ್ತಿತ್ತು. ಕಂಪ್ರೆಸರ್ ಸಣ್ಣದನ್ನೂ ದೊಡ್ಡದನ್ನೂ ಒಂದೇ ಮಾಡಿದರೆ ಹೀಗೇ ಆಗೋದು. ಅವರು ನನ್ನನ್ನು ಬೈಯಲಿಲ್ಲ. ಮುಂದಿನ ಆಲ್ಬಂ ಬೇರೆ ಕಡೆ ಮಾಡಿಸಿದರು.

ಹಾಗಾಗಿ ‘ಯಾವ ಶೈಲಿ’ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಮೂರೂ ಮಿಕ್ಸನ್ನು ಒಂದೇ ಪ್ರಾಜೆಕ್ಟಿನಲ್ಲಿ ಬೇರೆ ಬೇರೆ ಟ್ರ್ಯಾಕಿಗೆ ಹಾಕಿ. ಲಫ್ಸ್ ಮೀಟರ್ ಇಡಿ, ಪುಕ್ಕಟೆ ಸಿಗುತ್ತವೆ. ಮೆತ್ತಗಿರುವುದರ ಮಟ್ಟಕ್ಕೆ ಉಳಿದೆರಡನ್ನು ಇಳಿಸಿ. ಮೆತ್ತಗಿರುವುದನ್ನು ಏರಿಸಲು ಹೋಗಬೇಡಿ, ಸದ್ದು ಒಡೆಯುತ್ತದೆ. ಆಮೇಲೆ ಬೇರೆ ಯಾರ ಕೈಲಾದರೂ ಮೌಸ್ ಕೊಟ್ಟು, ನೀವು ಸ್ಕ್ರೀನಿಗೆ ಬೆನ್ನು ಹಾಕಿ ಕೂತು ಕೇಳಿ. ನಾನು ಹೀಗೆ ಕೇಳಿದಾಗ ಮೊದಲನೆಯದೇ ಬೇಕು ಅನ್ನಿಸಿತು. ಎರಡನೆಯದು ಹೆಡ್‌ಫೋನಿನಲ್ಲಿ ಸೊಗಸು. ಆದರೆ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಿ ನೋಡಿ, ಆ ರಿವರ್ಬ್‌ನ ಬಾಲವೆಲ್ಲ ಟ್ರಾಫಿಕ್ಕಿಗೆ ಹೋಗುತ್ತದೆ. ಮಾತು ಮಾತ್ರ ಉಳಿಯಬೇಕು, ಭಾವಗೀತೆಯಲ್ಲಿ ಮಾತು ಕೇಳದಿದ್ದರೆ ಇನ್ನೇನಿದೆ? ನಿಮ್ಮದು ಡ್ಯಾನ್ಸ್ ಹಾಡಾದರೆ ನನ್ನ ಮಾತು ಬಿಡಿ, ಅಲ್ಲಿ ತಬಲಾದ ಜಾಗದಲ್ಲಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಇರುತ್ತದೆ, ಲೆಕ್ಕವೇ ಬೇರೆ.

ನಾಲ್ಕನೆಯದಾಗಿ ಲೋ-ಫೈ (ಬೇಕಂತಲೇ ಹಳೇ ಟೇಪಿನ ಥರ ಮಸುಕು ಮಾಡಿದ್ದು) ಕೂಡ ಮಾಡಿ ನೋಡ್ತೇನೆ ಅಂದಿದ್ದೀರಿ. ಬೇಡ. ನಿಮ್ಮ ಗಾಯಕರ ಹಾಡು ನಿಮ್ಮ ಕೈ ಪಳಗಿಸಿಕೊಳ್ಳುವುದಕ್ಕೆ ಇರುವುದಲ್ಲ. ಕೇಂಬ್ರಿಡ್ಜ್ ಮ್ಯೂಸಿಕ್ ಟೆಕ್ನಾಲಜಿ ಅನ್ನೋ ತಾಣದಲ್ಲಿ ಅಭ್ಯಾಸಕ್ಕೆ ಅಂತಲೇ ಮಲ್ಟಿಟ್ರ್ಯಾಕ್‌ಗಳು, ಅಂದರೆ ದನಿ, ವಾದ್ಯ ಎಲ್ಲ ಬೇರೆ ಬೇರೆಯಾಗಿರುವ ರೆಕಾರ್ಡಿಂಗ್‌ಗಳು, ಪುಕ್ಕಟೆ ಇವೆ. ಲೋ-ಫೈ ಆಟವನ್ನೆಲ್ಲ ಅವುಗಳ ಮೇಲೆ ಆಡಿ. ಹಾಡಿದವರಿಗೆ ಒಂದೇ ಫೈಲ್ ಕಳಿಸಿ, ಲಿಮಿಟರ್ ತೆಗೆದು.