ನ್ಯುಮೋನಿಯಾ ಮೊದಲೋ, ಸೆಪ್ಸಿಸ್ ಮೊದಲೋ?

ರೋಗಿ ನ್ಯುಮೋನಿಯಾ ಅಂತ ಅಡ್ಮಿಟ್ ಆಗಿದ್ದಾರೆ, ಮೂರನೇ ದಿನದ ನೋಟ್‌ನಲ್ಲಿ ಡಾಕ್ಟರ್ 'ನ್ಯುಮೋನಿಯಾದಿಂದ ಸೆಪ್ಸಿಸ್' (ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಗಳಿಗೇ ಅಪಾಯ ತರುವ ಸ್ಥಿತಿ) ಅಂತ ಬರೆದಿದ್ದಾರೆ, ಅಮೆರಿಕದ ರೋಗಗಳ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ ಯಾವ ಕೋಡ್ ಮೊದಲು ಅಂತ ಕೇಳಿದ್ದೀರಿ. ನಾನು ಇನ್‌ಪೇಷಂಟ್ ಚಾರ್ಟ್‌ಗಳನ್ನೇ ಕೋಡ್ ಮಾಡುವವಳು. ಈ ಗೊಂದಲ ನನಗೂ ತುಂಬಾ ದಿನ ಇತ್ತು.

ಡಾಕ್ಟರ್ ಯಾವತ್ತು ಬರೆದರು ಅನ್ನೋದು ಮುಖ್ಯವಲ್ಲ, ಸೆಪ್ಸಿಸ್ ಯಾವಾಗ ಶುರುವಾಯಿತು ಅನ್ನೋದು ಮುಖ್ಯ. ಅಡ್ಮಿಟ್ ಆಗುವಾಗಲೇ ಎರಡೂ ಇದ್ದರೆ ಸೆಪ್ಸಿಸ್ ಮೊದಲು: ಎ41.9, ಆಮೇಲೆ ನ್ಯುಮೋನಿಯಾದ ಜೆ18.9. ಬಂದ ಮೇಲೆ ಸೆಪ್ಸಿಸ್ ಆಗಿದ್ದರೆ ನ್ಯುಮೋನಿಯಾನೇ ಮೊದಲು. ಆಗ ಸೆಪ್ಸಿಸ್‌ಗೆ ಪಿಒಎ, ಅಂದರೆ ಅಡ್ಮಿಟ್ ಆಗುವಾಗಲೇ ಇತ್ತೇ ಅನ್ನೋ ಗುರುತು, 'ಎನ್' (ಇರಲಿಲ್ಲ).

ನನ್ನ ಕೈಗೆ ಬಂದ ಒಂದು ಚಾರ್ಟ್ ನಿಮ್ಮದರ ಹಾಗೇ ಇತ್ತು. ಎಮರ್ಜೆನ್ಸಿ ನೋಟ್‌ನಲ್ಲೇ ಜ್ವರ, ನಾಡಿ 118, ಉಸಿರು ನಿಮಿಷಕ್ಕೆ 26, ರಕ್ತದಲ್ಲಿ ಲ್ಯಾಕ್ಟೇಟ್ ಜಾಸ್ತಿ. ಆದರೆ ಸೆಪ್ಸಿಸ್ ಅನ್ನೋ ಪದ ಬಂದದ್ದು ಮೂರನೇ ದಿನ. ಸೆಪ್ಸಿಸ್‌ನ ಇಷ್ಟೆಲ್ಲ ಸುಳಿವು ಕಣ್ಣೆದುರೇ ಇದ್ದಾಗ ನಾವೇ 'ವೈ' (ಇತ್ತು) ಹಾಕಿಬಿಡೋಣ ಅನ್ನಿಸುತ್ತದೆ, ಅಲ್ವಾ? ಹಾಕಬೇಡಿ. ಅಂಕಿ ನೋಡಿ ರೋಗ ಹೇಳುವ ಕೆಲಸ ಕೋಡರ್‌ದಲ್ಲ. ನಾನು ಡಾಕ್ಟರ್‌ಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿದೆ. ಆ ಅಂಕಿಗಳನ್ನು ಹಾಗೇ ಇಟ್ಟು, ಸೆಪ್ಸಿಸ್ ಬರುವಾಗಲೇ ಇತ್ತೇ, ಆಮೇಲೆ ಆಯಿತೇ, ಹೇಳಲು ಆಗುವುದಿಲ್ಲವೇ ಅಂತ ಕೇಳಿದೆ. ಉತ್ತರ ಇಂಥದ್ದೇ ಬರಲಿ ಅನ್ನೋ ಹಾಗೆ ಪ್ರಶ್ನೆ ಇರಬಾರದು. ಬರುವಾಗಲೇ ಇತ್ತು ಅಂತ ಡಾಕ್ಟರ್ ಬರೆದರು. ಎ41.9 ಮೇಲಕ್ಕೆ ಹೋಯಿತು.

ಅಂಗ ಕೆಟ್ಟಿದ್ದರೆ ಇನ್ನೊಂದು ಕೆಲಸ ಇದೆ. ಸೆಪ್ಸಿಸ್‌ನಿಂದಲೇ ಕಿಡ್ನಿಗೆ ದಿಢೀರ್ ಹೊಡೆತ ಬಿತ್ತು ಅಂತ ಡಾಕ್ಟರ್ ಬರೆದಿದ್ದರೆ ಆರ್65.20 (ಶಾಕ್ ಇಲ್ಲದ ತೀವ್ರ ಸೆಪ್ಸಿಸ್) ಮತ್ತು ಎನ್17.9 (ದಿಢೀರ್ ಕಿಡ್ನಿ ವೈಫಲ್ಯ) ಸೇರಿಸಿ. ಸೆಪ್ಟಿಕ್ ಶಾಕ್ (ಸೆಪ್ಸಿಸ್‌ನಿಂದ ರಕ್ತದೊತ್ತಡ ಅಪಾಯಕರವಾಗಿ ಕುಸಿಯುವುದು) ಇದ್ದರೆ ಆರ್65.20 ಬದಲು ಆರ್65.21. ಆರ್65.20, ಆರ್65.21 ಎರಡೂ ಯಾವತ್ತೂ ಮೊದಲ ಕೋಡ್ ಆಗುವುದಿಲ್ಲ. ಸೆಪ್ಸಿಸ್‌ಗೂ ಕಿಡ್ನಿಗೂ ಸಂಬಂಧ ಇದೆಯೋ ಇಲ್ಲವೋ ಸ್ಪಷ್ಟವಾಗಿಲ್ಲದಿದ್ದರೆ ಅದಕ್ಕೂ ಕ್ವೆರಿಯೇ.

ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕುವ ಪರೀಕ್ಷೆ) ನೆಗೆಟಿವ್ ಬಂತು ಅಂತ ಸುಮ್ನೆ ಸೆಪ್ಸಿಸ್ ತೆಗೆಯಬೇಡಿ. ನೆಗೆಟಿವ್ ಇದ್ದರೂ ಸೆಪ್ಸಿಸ್ ಇರಬಹುದು. ಸೆಪ್ಸಿಸ್, ನ್ಯುಮೋನಿಯಾ ಎರಡಕ್ಕೂ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಕಾರಣ ಅಂತ ಡಾಕ್ಟರ್ ಬರೆದಿದ್ದರೆ ಎ41.9, ಜೆ18.9 ಬಿಟ್ಟು ಎ40.3 ಮತ್ತು ಜೆ13 ಹಾಕಿ. ಕಫದ ರಿಪೋರ್ಟ್‌ನಲ್ಲಿ ಆ ಹೆಸರು ಕಂಡರಷ್ಟೇ ಸಾಲದು.